ನಾಲ್ಕು ಸಾವಿರ ಕೈಬೀಸಿನ ಲೆಕ್ಕ

ಐದು ಕಿಲೋಮೀಟರ್ ಈಜಲು ಎಷ್ಟು ಸಲ ಕೈ ಬೀಸಬೇಕು? ನಾನು ದಾವಣಗೆರೆಯ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಸಮುದ್ರದಲ್ಲಿ ಈಜಬೇಕೆಂಬ ಹುಚ್ಚು ಹತ್ತಿದಾಗಲೂ ಮೊದಲು ಕೈಗೆತ್ತಿಕೊಂಡದ್ದು ಪೆನ್ನನ್ನೇ. 25 ಮೀಟರ್ ಕೊಳವನ್ನು ಒಂದು ಸಲ ದಾಟಲು ನನಗೆ 20 ಸ್ಟ್ರೋಕ್ ಬೇಕು. ಐದು ಕಿಲೋಮೀಟರ್ ಆಗಬೇಕಾದರೆ ಹಾಗೆ 200 ಸಲ ದಾಟಬೇಕು. ಒಟ್ಟು 4000 ಸ್ಟ್ರೋಕ್; ಬಲಭುಜದ ಪಾಲಿಗೆ 2000, ಎಡಭುಜದ ಪಾಲಿಗೆ 2000. ಈ ಭುಜಗಳಿಗೆ ನಲವತ್ತೆಂಟು ವರ್ಷ. ಅದರಲ್ಲಿ ಇಪ್ಪತ್ತೈದು ವರ್ಷ ಮೇಜಿನ ಮೇಲೆ ಬಾಗಿಯೇ ಕಳೆದಿವೆ. ದೂರದ ಈಜಿನ ತಯಾರಿ ಎಂದರೆ ಎದೆ ಗಟ್ಟಿ ಮಾಡಿಕೊಳ್ಳುವುದು ಎಂದು ನಾನೂ ತಿಳಿದಿದ್ದೆ. ಈ ವಯಸ್ಸಿನಲ್ಲಿ ಎದೆ ಬೇಗ ಒಪ್ಪುತ್ತದೆ, ಭುಜ ಒಪ್ಪುವುದಿಲ್ಲ ಎಂಬುದು ಕಷ್ಟಪಟ್ಟು ಗೊತ್ತಾಯಿತು.

ನಮ್ಮ ಕಡೆಯವರು ಈಜು ಕಲಿತದ್ದು ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಸೋದರಮಾವ ಮೇಲಿನಿಂದ ತಳ್ಳುತ್ತಿದ್ದರು. ನಾಲ್ಕು ದಿನ ಕಳೆದ ಮೇಲೆ ಬುರುಡೆ ಬಿಚ್ಚುತ್ತಿದ್ದರು, ಐದನೆಯ ದಿನ ಹಗ್ಗ. ನೀರಿನ ಭಯ ಬಿಡಿಸುವುದರಲ್ಲಿ ಬಾವಿಯನ್ನು ಮೀರಿಸಿದ ಗುರು ಇಲ್ಲ ಎಂದು ಈಗಲೂ ನಂಬಿದ್ದೇನೆ. ಆದರೆ ಆ ಈಜಿನಲ್ಲಿ ತಲೆ ಸದಾ ನೀರಿನ ಮೇಲೆ, ಕಾಲು ಕೆಳಗೆ. ಹತ್ತು ಮಾರು ಅಗಲದ ಬಾವಿಗೆ ಅದು ಸಾಕು. ಅದೇ ಈಜನ್ನು ಕೊಳಕ್ಕೆ ತಂದಾಗ ಇನ್ನೂರು ಮೀಟರಿಗೇ ಏದುಸಿರು ಬಂದು ಗೋಡೆ ಹಿಡಿದು ನಿಂತೆ. ಪಕ್ಕದ ಸಾಲಿನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಸದ್ದಿಲ್ಲದೆ ಹೋಗಿ ಬರುತ್ತಿದ್ದಳು.

ತಪ್ಪು ಇದ್ದದ್ದು ತಲೆಯಲ್ಲಿ. ನೀರಿನಲ್ಲಿ ಮಲಗಿದ ದೇಹ ಒಂದು ತಕ್ಕಡಿ. ಗಾಳಿ ತುಂಬಿದ ಎದೆ ಮೇಲೇಳುವ ತಟ್ಟೆ, ಕಾಲುಗಳು ಕೆಳಗಿಳಿಯುವ ತಟ್ಟೆ. ತಲೆ ಎತ್ತಿದೊಡನೆ ಸೊಂಟ ಮುಳುಗುತ್ತದೆ, ದೇಹ ಓರೆಯಾಗುತ್ತದೆ. ಆಗ ನಾವು ನೀರನ್ನು ಸೀಳುವುದಿಲ್ಲ, ಹಲಗೆಯಂತೆ ನೂಕುತ್ತೇವೆ. ನೀರೋ ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ; ಆ ತಡೆಯನ್ನು ಮೀರಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಶೇಕಡಾ 10ರಷ್ಟು ವೇಗ ಹೆಚ್ಚಿಸಲು 1.1ನ್ನು ಮೂರು ಸಲ ಗುಣಿಸಿ: 1.33. ಹತ್ತು ರೂಪಾಯಿಯ ಮಾಲಿಗೆ ಮೂವತ್ತಮೂರು ರೂಪಾಯಿ ಕೊಟ್ಟ ಹಾಗೆ. ತಿರುಗಿಸಿ ನೋಡಿದರೆ ಲೆಕ್ಕ ಇನ್ನೂ ಚೆನ್ನಾಗಿದೆ. ಶೇಕಡಾ 10ರಷ್ಟು ನಿಧಾನವಾದರೆ ಶಕ್ತಿಯಲ್ಲಿ ಸುಮಾರು ಶೇಕಡಾ 27 ಉಳಿತಾಯವಾಗುತ್ತದೆ. ಬೇರೆ ಯಾವ ವ್ಯಾಪಾರದಲ್ಲಿಯೂ ನಾನು ಇಂಥ ಲಾಭ ಕಂಡಿಲ್ಲ.

ಆದ್ದರಿಂದ ಮೊದಲ ಎರಡು ತಿಂಗಳು ದೂರದ ಮಾತೇ ಎತ್ತಬಾರದು. ಮುಖ ಕೆಳಗೆ, ದೃಷ್ಟಿ ಕೊಳದ ತಳದ ಹೆಂಚಿನ ಮೇಲೆ, ಎದೆಯನ್ನು ತುಸು ಒತ್ತಿ ಸೊಂಟ ಮೇಲೆ ಬರುವಂತೆ ಮಲಗುವುದು, ಇಷ್ಟೇ ಅಭ್ಯಾಸ. ಜೊತೆಗೆ ಉಸಿರು. ಹೊಸಬರಿಗೆ ಉಸಿರು ಸಾಲದಾಗುವುದು ಗಾಳಿ ಎಳೆದುಕೊಳ್ಳಲಾಗದೆ ಎಂದುಕೊಳ್ಳುತ್ತೇವೆ. ನಿಜದಲ್ಲಿ ಅವರು ಉಸಿರು ಬಿಡುವುದಿಲ್ಲ. ಒಳಗೆ ಇಂಗಾಲದ ಡೈಆಕ್ಸೈಡ್ ಕೂಡುತ್ತ ಹೋಗುತ್ತದೆ, ಮಿದುಳು ಅದನ್ನೇ ಅಪಾಯದ ಗಂಟೆ ಎಂದು ಓದುತ್ತದೆ, ಕೈಕಾಲು ಗಾಬರಿಯಾಗುತ್ತವೆ. ಮುಖ ನೀರಿನಲ್ಲಿರುವಷ್ಟು ಹೊತ್ತೂ ಮೂಗು, ಬಾಯಿಯಿಂದ ಗುಳ್ಳೆ ಬಿಡುತ್ತಲೇ ಇರಬೇಕು. ಆಗ ಪಕ್ಕಕ್ಕೆ ತಿರುಗಿದ ಅರೆಕ್ಷಣದಲ್ಲಿ ಗಾಳಿ ತಾನಾಗಿ ಒಳಬರುತ್ತದೆ. ಬಾಣಲೆಯಲ್ಲಿ ಎಣ್ಣೆ ಕಾದ ಸದ್ದಿನಂತೆ ಗುಳ್ಳೆಯ ಸದ್ದು ಒಂದೇ ಸಮನೆ ಕೇಳುತ್ತಿದ್ದರೆ ಸರಿ ಹೋಗುತ್ತಿದ್ದೇನೆ ಎಂದು ನಾನು ತಿಳಿಯುತ್ತೇನೆ.

ವಯಸ್ಸು ನಮ್ಮಿಂದ ಏನನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನೂ ನೋಡೋಣ. ಗುಂಡಿಗೆಯ ಗರಿಷ್ಠ ಬಡಿತ ವರ್ಷ ವರ್ಷವೂ ಸ್ವಲ್ಪ ಇಳಿಯುತ್ತದೆ. ದೇಹ ಬಳಸಬಲ್ಲ ಆಮ್ಲಜನಕದ ಮಿತಿ ಮೂವತ್ತರ ನಂತರ ಕುಳಿತೇ ಇರುವವರಲ್ಲಿ ದಶಕಕ್ಕೆ ಸುಮಾರು ಶೇಕಡಾ 10ರಷ್ಟು ಕುಗ್ಗುತ್ತದೆ. ವ್ಯಾಯಾಮ ಬಿಡದವರಲ್ಲಿ ಇನ್ನೂ ನಿಧಾನವಾಗಿ. ಸ್ನಾಯುವಿನಲ್ಲಿ ಮೊದಲು ಸೊರಗುವುದು ಓಟಕ್ಕೆ, ನೆಗೆತಕ್ಕೆ ಬೇಕಾದ ಚುರುಕು ಎಳೆಗಳು. ಗಂಟೆಗಟ್ಟಲೆ ದುಡಿಯುವ ನಿಧಾನದ ಎಳೆಗಳು ಬಹುಕಾಲ ಉಳಿಯುತ್ತವೆ. ದೂರದ ಈಜು ನಡೆಯುವುದು ಆ ಎಳೆಗಳ ಮೇಲೆಯೇ. 2014ರಲ್ಲಿ ಒಟ್ಟೋ ಥಾನಿಂಗ್ ಎಂಬ ದಕ್ಷಿಣ ಆಫ್ರಿಕಾದ ಹೃದಯ ಶಸ್ತ್ರವೈದ್ಯರು ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದಾಗ ಅವರಿಗೆ 73 ವರ್ಷ. ಹಿಡಿದದ್ದು ಹದಿಮೂರು ತಾಸಿಗೆ ತುಸು ಕಡಿಮೆ. ಅದೇ ಕಾಲುವೆಯನ್ನು 1875ರಲ್ಲಿ ಮೊದಲು ಈಜಿದ ಮ್ಯಾಥ್ಯೂ ವೆಬ್ ಅವರಿಗೆ 27 ವರ್ಷ. ಎದೆಯೀಜಿನಲ್ಲಿ ಹೋದ ಅವರಿಗೆ 21 ತಾಸು 45 ನಿಮಿಷ ಬೇಕಾಯಿತು. ನಮ್ಮ ಮಿಹಿರ್ ಸೇನ್ 1958ರಲ್ಲಿ, ಆರತಿ ಸಾಹಾ 1959ರಲ್ಲಿ ದಾಟಿದರು. ಹೊಟ್ಟೆಯ ಕೊಬ್ಬಿನ ಬಗ್ಗೆಯೂ ಒಂದು ಮಾತು: ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಎಳೆಯುತ್ತದೆ, ಕೊಬ್ಬು ಅದಕ್ಕೆ ಅಡ್ಡ ನಿಲ್ಲುತ್ತದೆ, ಜೊತೆಗೆ ತೇಲಿಸುತ್ತದೆ. ಮನೆಯಲ್ಲಿ ಇದನ್ನು ಹೇಳಿದೆ. ಯಾರೂ ಒಪ್ಪಲಿಲ್ಲ.

ಈಗ ಭುಜಕ್ಕೆ ಬರುತ್ತೇನೆ. ಸೊಂಟದ ಕೀಲು ಆಳವಾದ ಬಟ್ಟಲಿನಲ್ಲಿ ಕೂತ ಗುಂಡು. ಭುಜದ ಕೀಲು ಹಾಗಲ್ಲ. ಸಣ್ಣ ತಟ್ಟೆಯ ಮೇಲೆ ಇಟ್ಟ ನಿಂಬೆಹಣ್ಣಿನಂತೆ ಅದು ಹೆಚ್ಚುಕಡಿಮೆ ಜಾರುತ್ತಲೇ ಇರುತ್ತದೆ. ಅದಕ್ಕೇ ಕೈ ಎಲ್ಲ ಕಡೆಗೂ ತಿರುಗುತ್ತದೆ, ಅದಕ್ಕೇ ಬೇಗ ಕೆಡುತ್ತದೆ. ಆ ನಿಂಬೆಹಣ್ಣನ್ನು ಜಾಗದಲ್ಲಿ ಹಿಡಿದಿಡುವುದು ಸುತ್ತಲಿನ ನಾಲ್ಕು ಸಣ್ಣ ಸ್ನಾಯುಗಳು ಮತ್ತು ಅವುಗಳನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು. ಒಂದು ರಜ್ಜು ಭುಜದ ಮೇಲ್ತುದಿಯ ಮೂಳೆಯ ಕೆಳಗಿನ ಇಕ್ಕಟ್ಟಾದ ಸಂದಿಯಲ್ಲಿ ಹಾಯುತ್ತದೆ. ಕೈ ಎತ್ತಿದಾಗಲೆಲ್ಲ ಆ ಸಂದಿ ಕಿರಿದಾಗುತ್ತದೆ. ಗೂನು ಹಾಕಿ ಕೂತು ಕೂತು ಭುಜ ಮುಂದಕ್ಕೆ ಬಿದ್ದವರಲ್ಲಿ ಅದು ಮೊದಲೇ ಕಿರಿದು. ಅಲ್ಲಿ ರಜ್ಜು ದಿನಕ್ಕೆ ಸಾವಿರ ಸಲ ಉಜ್ಜಿದರೆ ಏನಾಗುತ್ತದೆ ಎಂದು ಬಾವಿಕಟ್ಟೆಯ ಹಗ್ಗ ನೋಡಿದವರಿಗೆ ಹೇಳಬೇಕಾಗಿಲ್ಲ.

ನನಗೆ ಇದು ಗೊತ್ತಾದದ್ದು ನಾಲ್ಕನೆಯ ತಿಂಗಳಿನಲ್ಲಿ. ಉಸಿರು ಹದಕ್ಕೆ ಬಂದಿತ್ತು, ಹುಮ್ಮಸ್ಸು ಬಂದಿತ್ತು. ಒಂದೂವರೆ ಕಿಲೋಮೀಟರಿನಿಂದ ಎರಡೇ ವಾರದಲ್ಲಿ ಮೂರಕ್ಕೆ ಏರಿದೆ. ಬಲಭುಜದ ಮುಂದೆ ಸೂಜಿ ಚುಚ್ಚಿದಂತೆ ಆಯಿತು. ನೋವು ಇದ್ದರೂ ಈಜಿ, ಮೈ ಬಿಸಿಯಾದರೆ ಹೋಗುತ್ತದೆ ಎಂದು ಕೊಳದಲ್ಲಿ ಒಬ್ಬರು ಸಲಹೆ ಕೊಟ್ಟರು. ಬಿಸಿಯಾದಾಗ ಹೋಗುತ್ತಿತ್ತು, ರಾತ್ರಿ ಬಡ್ಡಿ ಸಮೇತ ಬರುತ್ತಿತ್ತು. ಒಂದು ಬೆಳಿಗ್ಗೆ ಅಟ್ಟದ ಮೇಲಿನ ಡಬ್ಬಿ ಇಳಿಸಲು ಹೋಗಿ ಕೈ ಅರ್ಧಕ್ಕೇ ನಿಂತಿತು. ಏಳು ವಾರ ನೀರಿಗೆ ಇಳಿಯಲಿಲ್ಲ. ಆದದ್ದು ಇಷ್ಟು: ಗುಂಡಿಗೆ ಮತ್ತು ಸ್ನಾಯು ಆರೆಂಟು ವಾರದಲ್ಲಿ ಹೊಸ ಕೆಲಸಕ್ಕೆ ಒಗ್ಗುತ್ತವೆ. ಸ್ನಾಯುರಜ್ಜುವಿಗೆ ರಕ್ತ ಹರಿಯುವುದೇ ಕಡಿಮೆ. ಅದು ಗಟ್ಟಿಯಾಗಲು ತಿಂಗಳುಗಳೇ ಬೇಕು, ನಡುವಯಸ್ಸಿನಲ್ಲಿ ಇನ್ನೂ ಹೆಚ್ಚು. ಎದೆ ಹೂಂ ಎಂದ ಮೇಲೆಯೂ ರಜ್ಜು ಹೂಂ ಎಂದಿರುವುದಿಲ್ಲ. ಈ ನಡುವಿನ ಅಂತರದಲ್ಲಿಯೇ ನಮ್ಮ ವಯಸ್ಸಿನವರು ಬೀಳುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಭುಜ ಪೂರ್ತಿ ಬಿಗಿದುಕೊಳ್ಳುವ ತೊಂದರೆಯೂ ಹೆಚ್ಚು. ನಲವತ್ತರಿಂದ ಅರವತ್ತರ ನಡುವೆ ಅದು ಬರುವುದು ಸಾಮಾನ್ಯ.

ಉಪಾಯ ಎರಡು. ಕೈ ನೀರಿಗೆ ಇಳಿಯುವಾಗ ಹೆಬ್ಬೆರಳು ಮೊದಲು ಹೋಗಬಾರದು, ಕೈ ತಲೆಯ ಮುಂದೆ ಅಡ್ಡ ದಾಟಬಾರದು. ಭುಜದ ನೇರಕ್ಕೆ, ಬೆರಳ ತುದಿಗಳು ಮೊದಲು ಇಳಿಯಬೇಕು. ಎಳೆಯುವಾಗ ಇಡೀ ಮುಂಡ ಪಕ್ಕಕ್ಕೆ ಹೊರಳಬೇಕು. ಆಗ ಕೆಲಸ ಭುಜದಿಂದ ಬೆನ್ನಿನ ಅಗಲ ಸ್ನಾಯುವಿಗೆ ವರ್ಗವಾಗುತ್ತದೆ. ಎರಡನೆಯದು ಹಳೆಯ ಸೈಕಲ್ ಟ್ಯೂಬ್. ಅದನ್ನು ಕತ್ತರಿಸಿ ಕಿಟಕಿಯ ಸರಳಿಗೆ ಕಟ್ಟಿದ್ದೇನೆ. ಮೊಣಕೈಯನ್ನು ಪಕ್ಕೆಗೆ ಒತ್ತಿ, ನಡುವೆ ಮಡಿಸಿದ ಟವೆಲ್ ಇಟ್ಟು, ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ಎಳೆಯುವುದು. ಹದಿನೈದರಂತೆ ಮೂರು ಸಲ, ದಿನ ಬಿಟ್ಟು ದಿನ. ನೋಡುವವರಿಗೆ ನಗು ಬರುವಷ್ಟು ಸಣ್ಣ ವ್ಯಾಯಾಮ. ನನ್ನನ್ನು ಮತ್ತೆ ನೀರಿಗೆ ಇಳಿಸಿದ್ದು ಅದೇ.

ವಾರಕ್ಕೆ ಆರು ದಿನ ಈಜುವುದು ಇಪ್ಪತ್ತರ ಹುಡುಗರಿಗೆ. ನಾನು ಮೂರು ದಿನಕ್ಕೆ ನಿಂತೆ: ಒಂದು ದಿನ ತಿದ್ದುವುದು, ಒಂದು ದಿನ ವೇಗ, ಭಾನುವಾರ ದೂರ. ವಾರದ ಒಟ್ಟು ದೂರವನ್ನು ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಏರಿಸಲಿಲ್ಲ. ಪ್ರತಿ ನಾಲ್ಕನೆಯ ವಾರ ಮೂರನೇ ಒಂದು ಭಾಗ ಇಳಿಸಿದೆ. ಐದು ಕಿಲೋಮೀಟರ್ ಗುರಿಗೆ ವಾರಕ್ಕೆ ಹತ್ತು ಕಿಲೋಮೀಟರ್, ಒಂದೇ ಸಲಕ್ಕೆ ನಾಲ್ಕು, ಅಷ್ಟು ಮುಟ್ಟಿದರೆ ನನಗೆ ಸಾಕಾಯಿತು. ಏಪ್ರಿಲ್, ಮೇ ತಿಂಗಳಲ್ಲಿ ಬೇಸಿಗೆ ಶಿಬಿರದ ಮಕ್ಕಳಿಂದ ಕೊಳ ಸಂತೆಯಾಗುತ್ತದೆ. ಅಕ್ಟೋಬರಿನಿಂದ ಮಾರುಕಟ್ಟೆಗೆ ಮೆಕ್ಕೆಜೋಳ ಬರತೊಡಗಿದರೆ ನನಗೆ ಊಟಕ್ಕೂ ಬಿಡುವಿಲ್ಲ. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಈಜುಗಾರರಿಗಲ್ಲ. ಹೀಗೆ ಕಳೆದು ಕಳೆದು ಉಳಿದದ್ದು ಫೆಬ್ರವರಿ.

ವೇಗದ ದಿನಕ್ಕೆ ಅಳತೆಗೋಲು ಬೇಕು. ಒಂದು ದಿನ 400 ಮೀಟರ್ ಮತ್ತು ಸಾಕಷ್ಟು ವಿಶ್ರಾಂತಿಯ ನಂತರ 200 ಮೀಟರ್, ಎರಡನ್ನೂ ಕೈಲಾದಷ್ಟು ಜೋರಾಗಿ ಈಜಿ ಸಮಯ ಬರೆದುಕೊಳ್ಳಿ. ನನ್ನದು 9 ನಿಮಿಷ 20 ಸೆಕೆಂಡ್ ಮತ್ತು 4 ನಿಮಿಷ 20 ಸೆಕೆಂಡ್. ಕಳೆದರೆ 5 ನಿಮಿಷ. ಅದು 200 ಮೀಟರಿನ ಬಾಬ್ತು, ಅಂದರೆ ನೂರಕ್ಕೆ ಎರಡೂವರೆ ನಿಮಿಷ. ಈ ಗತಿಯ ಆಚೆಗೆ ಹೋದರೆ ದೇಹ ಸಾಲ ಮಾಡತೊಡಗುತ್ತದೆ, ಸ್ವಲ್ಪ ಹೊತ್ತಿನಲ್ಲಿಯೇ ತೀರಿಸಬೇಕಾಗುತ್ತದೆ. ಈಚೆಗಿದ್ದರೆ ಬಹಳ ಹೊತ್ತು ನಡೆಯುತ್ತದೆ. ವೇಗದ ದಿನ ಆ ಗತಿಯಲ್ಲಿ ನೂರು ಮೀಟರಿನ ಹತ್ತು ತುಂಡು, ನಡುವೆ ಇಪ್ಪತ್ತು ಸೆಕೆಂಡ್ ಬಿಡುವು. ದೂರದ ದಿನ ಅದಕ್ಕಿಂತ ಹತ್ತು ಹದಿನೈದು ಸೆಕೆಂಡ್ ನಿಧಾನ. ರಕ್ತದೊತ್ತಡಕ್ಕೆ ಗುಂಡಿಗೆಯ ಬಡಿತ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ನಾಡಿ ಎಣಿಸಿ ಶ್ರಮ ಅಳೆಯುವ ವಿಧಾನ ಸುಳ್ಳು ಹೇಳುತ್ತದೆ; ಅವರಿಗೆ ಗಡಿಯಾರವೇ ಒಳ್ಳೆಯದು.

ಕೊಳದಲ್ಲಿ ಎಲ್ಲ ಸರಿಯಾದ ಮೇಲೆ ಉಳಿಯುವುದು ತೆರೆದ ನೀರು. ದಾವಣಗೆರೆಯಿಂದ ಸಮುದ್ರಕ್ಕೆ ಘಟ್ಟ ಇಳಿದು ಸುಮಾರು ಇನ್ನೂರು ಕಿಲೋಮೀಟರ್. ಹತ್ತಿರದಲ್ಲಿ ನೀರಿಲ್ಲವೇ ಎಂದರೆ ಇದೆ, ಆದರೆ ಎಲ್ಲ ನೀರೂ ಈಜುವ ನೀರಲ್ಲ. ಕುಂದುವಾಡ ಕೆರೆ ನಗರಕ್ಕೆ ಕುಡಿಯುವ ನೀರು ಕೊಡುವ ಕೆರೆ. ಅದರ ಏರಿಯ ಮೇಲೆ ನಡೆಯಬಹುದು, ಅಷ್ಟೇ. ಭದ್ರಾ ನಾಲೆ ನೇರವಾಗಿ ಹರಿಯುವುದನ್ನು ಕಂಡರೆ ಆಸೆಯಾಗುತ್ತದೆ. ಬೇಡವೇ ಬೇಡ. ಹರಿವು ಜೋರು, ಅಂಚು ಪಾಚಿಗಟ್ಟಿದ ಕಾಂಕ್ರೀಟ್. ಹತ್ತಲು ಹಿಡಿತ ಸಿಗದೆ ಚೆನ್ನಾಗಿ ಈಜು ಬಲ್ಲವರೂ ಕೊಚ್ಚಿಹೋಗುತ್ತಾರೆ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡವೂ ಹಾಗೆಯೇ, ಇಳಿದವನು ಹತ್ತಲಾರ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ನೋಡಲು ಸಮುದ್ರವೇ. ಅಲ್ಲಿಯೂ ಬೇರೆ ಯಾವ ಕೆರೆಯಲ್ಲಿಯೂ ತೂಬಿನ ಬಳಿ ಸುಳಿಯಬಾರದು. ಮೇಲೆ ನೀರು ಅಲುಗದಂತೆ ಕಾಣುತ್ತದೆ. ಕೆಳಗೆ ಕಂಡಿಯ ಆಚೆ ನೀರಿನ ಒತ್ತಡ ಕಡಿಮೆ ಇರುವುದರಿಂದ ಹತ್ತಿರ ಬಂದದ್ದನ್ನು ಒತ್ತಿ ಹಿಡಿಯುತ್ತದೆ, ಮನುಷ್ಯಬಲದಿಂದ ಬಿಡಿಸಿಕೊಳ್ಳಲಾಗದು. 1907ರಲ್ಲಿ ಕಟ್ಟಿ ಮುಗಿದ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಮ್ಮ ಸೀಮೆಯ ಕೆರೆಗಳ ಸ್ವಭಾವವೇ ಇದು: ವರ್ಷಗಟ್ಟಲೆ ಒಣಗಿದ ಅಂಗಳದಲ್ಲಿ ಜಾಲಿ ಬೆಳೆಯುತ್ತದೆ, ಆಮೇಲೊಂದು ಮಳೆಗಾಲದಲ್ಲಿ ನೀರು ಅದನ್ನು ಮುಚ್ಚುತ್ತದೆ. ತುಂಬಿದ ಕೆರೆಯ ಕೆಳಗೆ ಏನಿದೆ ಎಂಬುದು ಮೀನು ಹಿಡಿಯುವವರಿಗೆ ಗೊತ್ತು. ಅವರನ್ನು ಕೇಳದೆ ಇಳಿಯಬಾರದು, ಅನುಮತಿ ಇಲ್ಲದ ಕಡೆಗೂ ಇಳಿಯಬಾರದು. ಒಬ್ಬರೇ ಅಂತೂ ಎಂದೂ ಇಳಿಯಬಾರದು.

ನಾನು ಇಳಿದದ್ದು ಚನ್ನಗಿರಿ ಕಡೆಯ ಒಂದು ಸಣ್ಣ ಕೆರೆಗೆ. ಪಕ್ಕದಲ್ಲಿ ತೆಪ್ಪದ ಮೇಲೆ ಆ ಊರಿನ ಹಿರಿಯ ಮೀನುಗಾರರೊಬ್ಬರು, ನನ್ನ ಸೊಂಟಕ್ಕೆ ದಾರದಲ್ಲಿ ಕಟ್ಟಿದ ಕಿತ್ತಳೆ ಬಣ್ಣದ ಗಾಳಿಚೀಲ, ತಲೆಗೆ ಅದೇ ಬಣ್ಣದ ಟೋಪಿ. ಬೆಳಗಿನ ಆರೂವರೆ, ಗಾಳಿ ಏಳುವ ಮುಂಚೆ. ನೀರಿನ ಮೇಲ್ಪದರ ಬೆಚ್ಚಗಿತ್ತು, ಕೈ ಆಳಕ್ಕೆ ಹೋದಾಗ ಬೆರಳ ತುದಿಗೆ ತಣ್ಣನೆಯ ಇನ್ನೊಂದು ನೀರು ತಗಲುತ್ತಿತ್ತು. ಕೆಳಗೆ ಹೆಂಚಿಲ್ಲ, ಗೆರೆಯಿಲ್ಲ, ಕಂದು ಕತ್ತಲೆ. ಎದೆ ಬಡಿದುಕೊಂಡಿತು. ಅದಕ್ಕೆ ಮದ್ದು ಗೊತ್ತಿತ್ತು: ಅಂಗಾತ ಮಲಗಿ ಇಪ್ಪತ್ತು ಉಸಿರು ಎಣಿಸುವುದು. ಎಣಿಸಿ ಹೊರಟೆ. ಆಚೆ ದಡದ ಆಲದ ಮರದ ಕಡೆಗೆ ಬಲವಾಗಿ, ನೇರವಾಗಿ, ಹೆಮ್ಮೆಯಿಂದ ಈಜಿದೆ. ಹತ್ತು ನಿಮಿಷದ ಮೇಲೆ ತೆಪ್ಪದಿಂದ ಮಾತು ಬಂತು: "ಸಾರ್, ಆಲದ ಮರ ನಿಮ್ಮ ಬೆನ್ನ ಹಿಂದೆ ಇದೆ."

ನಮ್ಮ ಎರಡು ಕೈಗಳ ಬಲ ಒಂದೇ ಅಲ್ಲ. ಉಸಿರಿಗೆ ಒಂದೇ ಕಡೆ ತಿರುಗುವವರಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಕೊಳದಲ್ಲಿ ತಳದ ಗೆರೆ ನೋಡಿ ಅರಿವಿಲ್ಲದೆಯೇ ತಿದ್ದಿಕೊಳ್ಳುತ್ತೇವೆ, ಕೆರೆಯಲ್ಲಿ ಬಿಲ್ಲಿನಂತೆ ಬಾಗಿ ಹೋಗುತ್ತೇವೆ. ಅದಕ್ಕೇ ಎಂಟು ಹತ್ತು ಕೈಬೀಸಿಗೆ ಒಮ್ಮೆ ಕಣ್ಣನ್ನಷ್ಟೇ ಮೊಸಳೆಯಂತೆ ನೀರಿನ ಮೇಲೆ ತಂದು ಗುರುತು ನೋಡಬೇಕು. ಗದ್ದ ಎತ್ತಿದರೆ ಮತ್ತೆ ಬಾವಿಯ ಈಜು, ಮತ್ತೆ ಸೊಂಟ ಕೆಳಗೆ. ಗುರುತು ಎತ್ತರವಾಗಿರಬೇಕು: ಮರ, ಗೋಪುರ, ನೀರಿನ ಟ್ಯಾಂಕ್. ಇದನ್ನು ಕೊಳದಲ್ಲಿಯೇ ಕಲಿಯಬಹುದು. ಎದುರು ಗೋಡೆಯ ಬಳಿ ಒಂದು ಕೆಂಪು ಬಕೆಟ್ ಇಟ್ಟು, ಕಣ್ಣು ಮುಚ್ಚಿ ಎಂಟು ಬೀಸಿ, ತೆರೆದು ಹುಡುಕುವುದು. ಮೊದಲ ದಿನ ನಾನು ಹಗ್ಗಕ್ಕೆ ಹೋಗಿ ತಗಲಿಕೊಂಡೆ. ಸಮುದ್ರದಲ್ಲಿ ಉಪ್ಪುನೀರು ಇನ್ನೂ ಚೆನ್ನಾಗಿ ತೇಲಿಸುತ್ತದೆ ಎಂಬುದು ನಿಜ. ಕತ್ತು, ಕಂಕುಳನ್ನು ಅದೇ ಉಪ್ಪು ಸುಲಿಯುತ್ತದೆ ಎಂಬುದೂ ನಿಜ. ವ್ಯಾಸಲೀನ್ ಮರೆಯಬಾರದು.

ಎರಡು ತಾಸಿನ ಈಜಿಗೆ ಹೊಟ್ಟೆಗೂ ಏನಾದರೂ ಬೇಕು. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಒಂದೂವರೆ ಎರಡು ತಾಸಿಗೆ ತಳ ಕಾಣುತ್ತದೆ. ಮೊದಲ ತಾಸಿನ ನಂತರ ಅರ್ಧ ಅರ್ಧ ತಾಸಿಗೆ ಗುಟುಕು ಗುಟುಕಾಗಿ, ತಾಸಿಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಒಳಹೋಗಬೇಕು. ಮಲಗಿದ ಭಂಗಿಯಲ್ಲಿ ಗಟ್ಟಿ ಪದಾರ್ಥ ಇಳಿಯುವುದಿಲ್ಲ. ಪೇಟೆಯ ಪುಡಿಗಳನ್ನು ಕೊಂಡು ನೋಡಿದೆ. ಕೊನೆಗೆ ನಿಂತದ್ದು ರಾಮನವಮಿಯ ಪಾನಕದ ಮೇಲೆ. ಅರ್ಧ ಲೀಟರ್ ನೀರಿಗೆ 40 ಗ್ರಾಂ ಬೆಲ್ಲ, ಚಿಟಿಕೆ ಉಪ್ಪು, ನಿಂಬೆರಸ, ಚೂರು ಶುಂಠಿ. ಉಪ್ಪು ಯಾಕೆಂದರೆ ಬರಿಯ ನೀರನ್ನೇ ಬಹಳ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆ ಗಿರ್ ಎನ್ನುತ್ತದೆ. ಹಿಂದಿನ ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿಂದು ಈಜಿದ ಅನುಭವವನ್ನು ಇಲ್ಲಿ ವಿವರಿಸುವುದಿಲ್ಲ.

ಇದೆಲ್ಲಕ್ಕೂ ಮೊದಲು ಮಾಡಬೇಕಾದದ್ದನ್ನು ಕೊನೆಗೆ ಬರೆಯುತ್ತಿದ್ದೇನೆ, ನಾನೂ ಹಾಗೆ ತಡವಾಗಿಯೇ ಮಾಡಿದ್ದರಿಂದ. ನಲವತ್ತು ದಾಟಿದವರು ರಕ್ತದೊತ್ತಡ, ಸಕ್ಕರೆ, ಇಸಿಜಿ, ವೈದ್ಯರು ಹೇಳಿದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡೇ ನೀರಿಗೆ ಇಳಿಯಬೇಕು. ನೀರಿಗೆ ಇಳಿದೊಡನೆ ಅದರ ಒತ್ತಡ ಕೈಕಾಲಿನ ರಕ್ತವನ್ನು ಎದೆಯ ಕಡೆಗೆ ತಳ್ಳುತ್ತದೆ. ತಣ್ಣೀರಾದರೆ ಚರ್ಮದ ನಾಳಗಳು ಮುದುಡಿ ಇನ್ನಷ್ಟು ತಳ್ಳುತ್ತವೆ. ಕೆಲವರಲ್ಲಿ, ಅದರಲ್ಲಿಯೂ ರಕ್ತದೊತ್ತಡ ಇರುವ ನಡುವಯಸ್ಸಿನವರಲ್ಲಿ, ಈ ಭಾರಕ್ಕೆ ಶ್ವಾಸಕೋಶದ ಸೂಕ್ಷ್ಮನಾಳಗಳಿಂದ ದ್ರವ ಒಳಗೆ ಒಸರುತ್ತದೆ. ನೀರು ಕುಡಿಯದಿದ್ದರೂ ಕೆಮ್ಮು, ಶ್ರಮಕ್ಕೆ ಮೀರಿದ ಏದುಸಿರು, ಗುಲಾಬಿ ಬಣ್ಣದ ನೊರೆ ಕಫ ಬಂದರೆ ಆ ಕ್ಷಣವೇ ಕೈ ಎತ್ತಿ ದೋಣಿ ಹತ್ತಬೇಕು, ನೇರ ಆಸ್ಪತ್ರೆಗೆ ಹೋಗಬೇಕು. ಕೆರೆಯಲ್ಲಿ ಈಜಿದ ಎರಡು ಮೂರು ವಾರದೊಳಗೆ ಮೈಕೈ ನೋವಿನ ಜ್ವರ ಬಂದರೆ ಕೆರೆಯ ಸಂಗತಿಯನ್ನು ವೈದ್ಯರಿಗೆ ಹೇಳಬೇಕು; ಇಲಿ ಜ್ವರ ಹರಡುವುದು ಅಂಥ ನೀರಿನಿಂದಲೇ.

ಕೊನೆಯ ಹತ್ತು ದಿನ ದೂರವನ್ನು ಅರ್ಧಕ್ಕೆ ಇಳಿಸಿದೆ. ಆ ದಿನಗಳಲ್ಲಿ ಇಲ್ಲದ ನೋವುಗಳೆಲ್ಲ ಕಾಣಿಸಿಕೊಂಡವು, ನಂಬಲಿಲ್ಲ. ಫೆಬ್ರವರಿಯಲ್ಲಿ ಸಮುದ್ರದ ಐದು ಕಿಲೋಮೀಟರಿಗೆ ನನಗೆ 2 ತಾಸು 24 ನಿಮಿಷ ಬೇಕಾಯಿತು. ಹೊರಟ ಇನ್ನೂರು ಮೀಟರಿನಲ್ಲಿ ಎಲ್ಲರೂ ನನ್ನನ್ನು ದಾಟಿ ಹೋದರು. ನಾಲ್ಕನೆಯ ಕಿಲೋಮೀಟರಿನಲ್ಲಿ ಅವರಲ್ಲಿ ಕೆಲವರು ಮತ್ತೆ ಸಿಕ್ಕಿದರು.

ದಡದ ಬಗ್ಗೆ ಒಂದು ಮಾತು ಬಾಕಿ ಇದೆ. ಎದೆಗೆ ಬಂದಿದ್ದ ರಕ್ತ, ನೀರಿನ ಒತ್ತಡ ತಪ್ಪಿದ ಕೂಡಲೇ, ಕಾಲಿಗೆ ಇಳಿಯುತ್ತದೆ. ತಟ್ಟನೆ ಎದ್ದು ನಿಂತವರು ಕಣ್ಣು ಕತ್ತಲೆ ಬಂದು ಮಂಡಿಯುದ್ದದ ನೀರಿನಲ್ಲಿಯೇ ಬೀಳುತ್ತಾರೆ. ಇದನ್ನು ನನಗೆ ಕಲಿಸಿದ್ದು ಆ ಕೆರೆ. ಮೊದಲ ದಿನ ದಡ ಮುಟ್ಟಿ ಏಳಲು ಹೋದಾಗ ತೆಪ್ಪದವರು ನನ್ನ ಭುಜದ ಮೇಲೆ ಕೈಯಿಟ್ಟು ಕೂರಿಸಿದರು. "ಮೈಗೆ ನೆಲದ ನೆನಪು ಬರಲಿ, ಕೂತುಕೊಳ್ಳಿ" ಎಂದು ಪಕ್ಕದ ಕಲ್ಲಿನ ಮೇಲೆ ಕುಳಿತು ಬೀಡಿ ಹಚ್ಚಿದರು. ಅದು ಪೂರ್ತಿ ಮುಗಿಯುವವರೆಗೆ ನನ್ನನ್ನು ಏಳಗೊಡಲಿಲ್ಲ.